ಗೆಳತಿಗೂ ಒಂದು ನುಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಯಾವುದಾದರೂ ಯೂಟ್ಯೂಬ್ ‘ಜಾನಪದ ಸಾಂಗ್’ ಹಚ್ಚಿ ನೋಡಿ. ಎಷ್ಟೋ ಸಲ ಹಾಡಿಗಿಂತ ಮೊದಲು ಕಾಣುವುದು ಫೋನ್ ನಂಬರು: ಜಾತ್ರೆ, ಮದುವೆ ಕಾರ್ಯಕ್ರಮಗಳಿಗೆ ಸಂಪರ್ಕಿಸಿ ಎಂದು. ಆಮೇಲೆ ಬರೆದವರ, ಹಾಡಿದವರ, ‘ಸಹಕಾರ’ ಕೊಟ್ಟ ಗೆಳೆಯರ ಹೆಸರು. ಅದಾದ ಮೇಲೆ ಕಬ್ಬಿನ ಹೊಲದ ಬದು, ಸಿಂಗರಿಸಿದ ಟ್ರ್ಯಾಕ್ಟರ್, ಕಪ್ಪು ಕನ್ನಡಕದ ಹುಡುಗ. ಸೆಟ್ ಹಾಕಲು ದುಡ್ಡಿಲ್ಲ, ಹಾಗಾಗಿ ಊರೇ ಸೆಟ್. ಕುಣಿಯುವವರಿಗೆ ಕೊಡಲು ದುಡ್ಡಿಲ್ಲ, ಹಾಗಾಗಿ ಗೆಳೆಯರೇ ಕುಣಿಯುತ್ತಾರೆ. ಈ ವಿಡಿಯೊಗಳ ಶೈಲಿ ಹುಟ್ಟಿದ್ದೇ ಈ ಕೊರತೆಯಿಂದ. ಸಿನಿಮಾಗಳಲ್ಲಿ ಬಹುಕಾಲ ನಗಿಸುವುದಕ್ಕಷ್ಟೇ ಬೇಕಾಗಿದ್ದ ಉತ್ತರ ಕರ್ನಾಟಕದ ಮಾತು ಇಲ್ಲಿ ನಾಯಕನ ಮಾತು; ಕಬ್ಬು ಹೇರುವ ಡ್ರೈವರನೇ ನಾಯಕ. ಕ್ಯಾಸೆಟ್ ಕಾಲದಲ್ಲಿ ಗುರುರಾಜ ಹೊಸಕೋಟೆಯವರಂಥ ಗಾಯಕರ ದನಿ ಹಳ್ಳಿಹಳ್ಳಿ ಮುಟ್ಟಿತ್ತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ದನಿಯ ಜತೆಗೆ ಮುಖವೂ ಬಂತು.

ಇದು ಜಾನಪದವೇ ಅಲ್ಲ, ಕೀಬೋರ್ಡು-ಡಿಜೆ ಸದ್ದು ಎಂದು ಬಲ್ಲವರು ಮೂಗು ಮುರಿಯುತ್ತಾರೆ. ಆದರೆ ಜಾನಪದ ಯಾವತ್ತು ತನ್ನ ಕಾಲವನ್ನು ಬಿಟ್ಟು ಹಾಡಿತ್ತು? ‘ಸಂಗ್ಯಾ ಬಾಳ್ಯಾ’ ಎಂಬ ಜನಪದ ನಾಟಕ, ನಮ್ಮ ಸಣ್ಣಾಟ, ಹುಟ್ಟಿದ್ದು ಪುರಾಣದಿಂದಲ್ಲ, ಬೈಲಹೊಂಗಲ ಸೀಮೆಯ ಹಾದರ-ಕೊಲೆಯ ಸುದ್ದಿಯಿಂದ. ಅದನ್ನು ಒಪ್ಪಿದವರು ಟ್ರ್ಯಾಕ್ಟರಿನ ಹಾಡನ್ನು ಹೊರಗಿಡಲು ಬೇರೆ ಕಾರಣ ಹುಡುಕಬೇಕು.

ನನ್ನ ತಕರಾರು ಬೇರೆಯದು. ಈ ವಿಡಿಯೊಗಳಲ್ಲಿ ಹುಡುಗಿ ಇಳಕಲ್ ಸೀರೆಯಲ್ಲೋ ಲಂಗ-ದಾವಣಿಯಲ್ಲೋ ನಡೆದು ಬರುತ್ತಾಳೆ, ತಿರುಗಿ ನೋಡುತ್ತಾಳೆ, ಕೊನೆಗೆ ನೌಕರಿಯವನನ್ನು ಮದುವೆಯಾಗಿ ‘ಕೈಕೊಟ್ಟವಳು’ ಆಗುತ್ತಾಳೆ. ಆ ಮದುವೆ ಯಾರು ಗೊತ್ತು ಮಾಡಿದರು, ಅವಳನ್ನು ಕೇಳಿದ್ದರೇ? ಹಾಡು ಆ ಗೋಜಿಗೇ ಹೋಗುವುದಿಲ್ಲ. ಇದೇ ವಿಜಯಪುರ ಜಿಲ್ಲೆಯ ಹಲಸಂಗಿಯ ಸಾಹಿತಿ ಗೆಳೆಯರು 1931ರಲ್ಲಿ, ಹಳ್ಳಿಯ ಹೆಂಗಸರು ಬೀಸುತ್ತ ಹಾಡಿದ ಪದಗಳ ಸಂಗ್ರಹ ‘ಗರತಿಯ ಹಾಡು’ ಹೊರತಂದರು. ತವರು, ಅತ್ತೆಮನೆ, ಅಣ್ಣ, ಕೂಸು, ಎಲ್ಲದರ ಬಗ್ಗೆಯೂ ಅಲ್ಲಿ ಹೆಣ್ಣೇ ಮಾತಾಡುತ್ತಾಳೆ. ಬೀಸುಕಲ್ಲಿನ ಮುಂದೆ ಇದ್ದ ಬಾಯಿ ಕ್ಯಾಮೆರಾ ಮುಂದೆ ಕಟ್ಟಿಹೋಗಿದೆ. ಹೆಣ್ಣುಮಕ್ಕಳೂ ಈಗ ಹಾಡುತ್ತಾರಲ್ಲ ಎನ್ನಬಹುದು. ಹೌದು, ಹಾಡುತ್ತಾರೆ, ಆದರೆ ಪದ ಕಟ್ಟುವವರು ಹೆಚ್ಚಾಗಿ ಗಂಡಸರೇ. ಪ್ರೀತಿಯಲ್ಲಿ ಸೋತ ಬಡಹುಡುಗನ ಸಂಕಟ ಸುಳ್ಳೇ ಎಂದೂ ಕೇಳಬಹುದು. ಸುಳ್ಳಲ್ಲ. ಭೂಮಿಯಿಲ್ಲದವನಿಗೆ, ನೌಕರಿಯಿಲ್ಲದವನಿಗೆ ಹೆಣ್ಣು ಕೊಡದ ಊರಿನ ಲೆಕ್ಕಾಚಾರ ಆ ಹಾಡುಗಳಲ್ಲಿದೆ. ಆದರೆ ಸಿಟ್ಟು ಆ ಲೆಕ್ಕ ಹಾಕಿದವರನ್ನು ಬಿಟ್ಟು ಹುಡುಗಿಯ ಮೇಲೆ ತಿರುಗುತ್ತದೆ.

ಬಜೆಟ್ ಇಲ್ಲವೆಂಬ ನೆಪ ಇಲ್ಲಿ ನಡೆಯುವುದಿಲ್ಲ. ಡ್ರೋನಿಗೆ ಬಾಡಿಗೆ ಕೊಡಬೇಕು, ಹುಡುಗಿಯ ಬಾಯಲ್ಲಿ ಒಂದು ನುಡಿ ಇಡುವುದಕ್ಕೆ ಬಿಡಿಗಾಸೂ ಬೇಡ. ಪದ ಕಟ್ಟುವ ಗೆಳೆಯರೇ, ಮುಂದಿನ ಹಾಡಿನ ಎರಡನೇ ನುಡಿ ಅವಳಿಗೆ ಬಿಡಿ.