ಲಾರಿ ಹಿಂದಿನ ಚಕ್ರ ಗುರ್ ಅಂತಿದೆಯಾ? ಲೋಡ್ ಹಾಕೋ ಮೊದಲು ಬೇರಿಂಗ್ ನೋಡಿಸಿ

ಕೂಡ್ಲಿಗಿ: ಹರಪನಹಳ್ಳಿಯ ಮೆಕ್ಕೆಜೋಳ, ಕೊಟ್ಟೂರು ಕಡೆಯ ಈರುಳ್ಳಿ, ಸಂಡೂರಿನ ಅದಿರು, ಏನೇ ಹೇರಿದರೂ ಲಾರಿಯ ಹೆಚ್ಚಿನ ಭಾರ ಹಿಂದಿನ ಚಕ್ರಗಳ ಮೇಲೇ ಬೀಳುತ್ತದೆ. ನಾಲ್ಕು ಟೈರಿನ ಒಂದು ಆಕ್ಸಲ್‌ಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಮಿತಿ 11.5 ಟನ್. ಅಷ್ಟನ್ನೂ ಹೊರುವುದು ಎಡ, ಬಲ ಹಬ್‌ನೊಳಗಿನ ಎರಡೆರಡು ಬೇರಿಂಗ್.

ಬೇರಿಂಗ್ ಸವೆದರೆ ಗುರುಗುಟ್ಟುವ ಸದ್ದು ಬರುತ್ತದೆ, ಹಬ್ ಕಾಯುತ್ತದೆ, ಜಾಕ್ ಏರಿಸಿ ಅಲುಗಾಡಿಸಿದರೆ ಚಕ್ರ ಲೊಡಲೊಡ ಅನ್ನುತ್ತದೆ. ಜೊತೆಗೆ ಸೀಲ್ ಹೋದರೆ ಆಯಿಲ್ ಲೈನರ್‌ಗೆ ಇಳಿದು ಬ್ರೇಕ್ ಹಿಡಿಯಲ್ಲ. ಹಾಗೇ ಓಡಿಸಿದರೆ ಚಕ್ರವೇ ಕಳಚಬಹುದು.

ಕೆಲಸ ಹೀಗೆ: ಖಾಲಿ ಲಾರಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂಚಕ್ರಕ್ಕೆ ಅಡ್ಡ ಕೊಡಬೇಕು. ಜಾಕ್ ಒಂದನ್ನೇ ನಂಬದೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಬೇಕು. ಚಕ್ರ, ಆಕ್ಸಲ್ ಶಾಫ್ಟ್, ಲಾಕ್ ನಟ್ ಬಿಚ್ಚಿದ ಮೇಲೆ ಹಬ್ ಹೊರಬರುತ್ತದೆ.

ದುಡ್ಡು ಉಳಿಸಲು ಕೋನ್ ಮಾತ್ರ ಬದಲಿಸಿ ಹಳೇ ಕಪ್ ಬಿಡುವುದು ತಪ್ಪು. ಸವೆದ ಕಪ್ ಹೊಸ ರೋಲರನ್ನೂ ತಿನ್ನುತ್ತದೆ. ಕಪ್, ಕೋನ್, ಸೀಲ್ ಮೂರೂ ಹೊಸದಿರಲಿ.

ನಟ್ ತೀರಾ ಬಿಗಿದರೆ ಬೇರಿಂಗ್ ಸುಡುತ್ತದೆ, ಸಡಿಲ ಬಿಟ್ಟರೆ ಚಕ್ರ ಆಡುತ್ತದೆ. ಹಬ್ ತಿರುಗಿಸುತ್ತಲೇ ಬಿಗಿದು, ಕಂಪನಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು ಲಾಕ್ ಮಾಡಿಸಿ. ಸ್ವಲ್ಪ ದೂರ ಓಡಿಸಿ ಎರಡೂ ಕಡೆಯ ಹಬ್ ಬಿಸಿ ಹೋಲಿಸಿ ನೋಡಿ, ವೀಲ್ ನಟ್‌ಗಳನ್ನು ಮತ್ತೊಮ್ಮೆ ಬಿಗಿಸಿ. ಲೋಡ್ ಆಮೇಲೆ.