ರಾಣಿ ಛಾಪಿನ ರೂಪಾಯಿ



ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆಯ ತಳದಲ್ಲಿ ಒಂದೆರಡು ಬೆಳ್ಳಿ ರೂಪಾಯಿಗಳಿರುವುದು ಅಪರೂಪವಲ್ಲ. ದೀಪಾವಳಿಯ ಲಕ್ಷ್ಮೀಪೂಜೆಗೆ ಅವು ಹೊರಬರುತ್ತವೆ; ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಸೇರುತ್ತವೆ. ನಮ್ಮ ಮನೆಯಲ್ಲಿಯೂ ಅಂಥದೊಂದಿತ್ತು. ತಾಯಿ ತೀರಿಕೊಂಡ ಮೇಲೆ ಸಾಮಾನು ಹಂಚಿಕೊಳ್ಳುವಾಗ ಅದರ ಬಗ್ಗೆ ಮಾತು ಬೆಳೆಯಿತು. ಲಕ್ಷಗಟ್ಟಲೆ ಬೆಲೆ ಬರುತ್ತದೆಂದು ತಮ್ಮ. ಬೆಳ್ಳಿಯ ತೂಕವಷ್ಟೇ ಎಂದು ಅಣ್ಣ. ಮನಸ್ಸುಗಳು ಕೆಡುವ ಮೊದಲು ನಿಜವನ್ನು ತಿಳಿಯೋಣವೆಂದು ನಾನು ಆ ನಾಣ್ಯವನ್ನು ಧಾರವಾಡದಿಂದ ಹುಬ್ಬಳ್ಳಿಯ ಸರಾಫರೊಬ್ಬರ ಅಂಗಡಿಗೆ ಒಯ್ದೆ. ಒಯ್ಯುವ ಮುನ್ನ ಹುಣಸೆಹಣ್ಣು, ಬೂದಿ ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿದ್ದೆ.

ಸರಾಫರು ಮೊದಲು ಅದನ್ನು ತಕ್ಕಡಿಗೆ ಹಾಕಿದರು. 1835ರಲ್ಲಿ ಕಂಪನಿ ಸರಕಾರವು ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ಬಗೆಯ ರೂಪಾಯಿಯನ್ನು ತಂದಿತು. ಅದರ ತೂಕ ಒಂದು ತೊಲ, ಎಂದರೆ 11.66 ಗ್ರಾಮ್. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಆದ್ದರಿಂದ ಸವೆಯದ ರೂಪಾಯಿಯಲ್ಲಿ ಸುಮಾರು 10.69 ಗ್ರಾಮ್ ಶುದ್ಧ ಬೆಳ್ಳಿಯಿರುತ್ತದೆ. ಅದನ್ನು ಆ ದಿನದ ಧಾರಣೆಯಿಂದ ಗುಣಿಸಿದರೆ ಲೋಹದ ಬೆಲೆ ಸಿಕ್ಕಿತು. ಆದರೆ 1940ರಿಂದ, ಯುದ್ಧಕಾಲದಲ್ಲಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿಯಂತೂ ನಿಕ್ಕಲ್ಲಿನದು. ಎಲ್ಲ ಹಳೆಯ ರೂಪಾಯಿಯೂ ಒಂದೇ ಅಲ್ಲ.

ತೂಕ ಹೇಳಿ ಸರಾಫರು ನಾಣ್ಯವನ್ನು ನನ್ನ ಕೈಗಿಟ್ಟರು. "ನನ್ನ ತಕ್ಕಡಿ ಬೆಳ್ಳೀನ ಅಷ್ಟ ತೂಗ್ತದ್ರಿ. ನಾಣ್ಯ ಬಲ್ಲವ್ರಿಗೆ ಒಮ್ಮೆ ತೋರಸ್ರಿ" ಎಂದರು. ಪ್ರಾಮಾಣಿಕವಾದ ಮಾತು.

ಧಾರವಾಡದಲ್ಲಿ ನಾಣ್ಯ ಸಂಗ್ರಹಿಸುವ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ನೋಡಿದರು. ನಮ್ಮದರ ಮೇಲೆ 1862 ಎಂದಿತ್ತು. ನೂರಾರು ವರ್ಷದ ವಸ್ತುವೆಂದು ನಾನು ಹಿಗ್ಗಿದೆ. ಅವರು ನಕ್ಕರು. 1862ರಿಂದ 1874ರವರೆಗೆ ಟಂಕಿಸಿದ ರೂಪಾಯಿಗಳ ಮೇಲೆಲ್ಲ ಅದೇ ಇಸವಿಯಿದೆಯಂತೆ. ಇಸವಿಯ ಆಸುಪಾಸಿನ ಸಣ್ಣ ಚುಕ್ಕೆಗಳಿಂದ, ಅಚ್ಚಿನ ಸೂಕ್ಷ್ಮ ಭೇದಗಳಿಂದ ಒಂದನ್ನೊಂದು ಬೇರ್ಪಡಿಸಬೇಕು. ಹಳೆಯದಾದ ಮಾತ್ರಕ್ಕೆ ನಾಣ್ಯ ದುಬಾರಿಯಾಗದು. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ ಎಂಬುದರ ಮೇಲೆ ಬೆಲೆ ನಿಂತಿದೆ. ರಾಣಿ ಛಾಪಿನ ರೂಪಾಯಿಗಳು ಕೋಟಿಗಟ್ಟಲೆ ಟಂಕಿತವಾದವು. ಅದಕ್ಕಿಂತ ಎಷ್ಟೋ ಕಿರಿಯದಾದ 1939ರ ರೂಪಾಯಿಯೇ ಹೆಚ್ಚು ವಿರಳ. 1911ರ ರೂಪಾಯಿಯಲ್ಲಿ ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಜನ ಆಕ್ಷೇಪಿಸಿದರು. ಮರುವರ್ಷ ಅಚ್ಚನ್ನು ತಿದ್ದಲಾಯಿತು. ಸಂಗ್ರಾಹಕರಿಗೆ ಅದೂ ಬೇಕಾದ ನಾಣ್ಯ.

ಆಮೇಲೆ ಅವರು ಮೆಲ್ಲನೆ ಕೇಳಿದರು: "ಇದನ್ನ ತಿಕ್ಕಿದವರು ಯಾರ್ರೀ?" ನಾನು ತಲೆ ತಗ್ಗಿಸಿದೆ. ಕಾಲ ಬಳಿದ ಮಾಸಲು ಬಣ್ಣವೇ ನಾಣ್ಯದ ಸಾಕ್ಷಿ. ತಿಕ್ಕಿದರೆ ರಾಣಿಯ ಮುಡಿಯ ನವಿರಾದ ಗೆರೆಗಳು ಅಳಿಯುತ್ತವೆ. ಬಲ್ಲವರು ಕೊಡುವ ಬೆಲೆಯೂ ಅವುಗಳ ಜೊತೆಗೇ ಇಳಿಯುತ್ತದೆ. ಕೇಳುಗರು ಈ ಒಂದು ಮಾತನ್ನಾದರೂ ನೆನಪಿಡಬೇಕು: ಬೆಲೆ ತಿಳಿಯುವ ಮೊದಲು ನಾಣ್ಯವನ್ನು ಉಜ್ಜಬೇಡಿ. ಅಂಚು ಹಿಡಿದು ಎತ್ತಿ, ಮೆತ್ತನೆಯ ಕಾಗದದಲ್ಲಿಡಿ.

ಇನ್ನೊಂದು ಎಚ್ಚರಿಕೆ. ಹಳೆಯ ನಾಣ್ಯಕ್ಕೆ ಲಕ್ಷಾಂತರ ಕೊಡುತ್ತೇವೆಂದು ಹೇಳಿ, ಮೊದಲು ಶುಲ್ಕ ಕಟ್ಟಿರೆನ್ನುವವರಿದ್ದಾರೆ. ತನ್ನ ಹೆಸರನ್ನೇ ಬಳಸಿ ಹೀಗೆ ಮೋಸ ನಡೆಯುತ್ತಿದೆಯೆಂದು ರಿಜರ್ವ್ ಬ್ಯಾಂಕು 2021ರಲ್ಲಿ ಸಾರ್ವಜನಿಕರಿಗೆ ತಿಳಿಸಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು.

ನಮ್ಮ ರೂಪಾಯಿ ಸಾಮಾನ್ಯವಾದದ್ದೇ. ನಾನು ತಿಕ್ಕಿ ಕೆಡಿಸಿದ ಮೇಲೆ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚು. ಮನೆಗೆ ಬಂದು ಲೆಕ್ಕ ಒಪ್ಪಿಸಿದೆ. ಅಣ್ಣ ಗೆಲ್ಲಲಿಲ್ಲ, ತಮ್ಮ ಸೋಲಲಿಲ್ಲ; ಮೂವರ ಪಾಲಿಗೂ ಬರುವ ಮೊತ್ತ ಕೇಳಿ ಇಬ್ಬರೂ ಸುಮ್ಮನಾದರು. ಮಾರುವುದು ಬೇಡವೆಂದಾಯಿತು. ಈಗ ಅದು ವರ್ಷಕ್ಕೊಬ್ಬರ ಮನೆಯಂತೆ ಲಕ್ಷ್ಮೀಪೂಜೆಗೆ ಸುತ್ತುತ್ತದೆ. ಕುಂಕುಮ ಹಚ್ಚುತ್ತೇವೆ; ತಿಕ್ಕುವುದಿಲ್ಲ.