ಕಾಲಾ ಘೋಡಾದ ಕಲಾಮಂದಿರಗಳು
ಬಾಗಿಲು ತೆರೆದಿದೆ, ಒಳಗೆ ಬನ್ನಿರಿ

ಮುಂಬಯಿಯ ಕೋಟೆ ಭಾಗದಲ್ಲಿ ದುಡಿಯುವ ನಮ್ಮ ಕನ್ನಡ ಬಂಧುಗಳಲ್ಲಿ ಕಾಲಾ ಘೋಡಾದ ದಾರಿಯನ್ನು ತುಳಿಯದವರು ವಿರಳ. ಆದರೆ ಅಲ್ಲಿಯ ಜಹಾಂಗೀರ್ ಆರ್ಟ್ ಗ್ಯಾಲರಿಯ ಮೆಟ್ಟಿಲನ್ನು ಏರಿದವರು ಎಷ್ಟು ಮಂದಿ? “ಅದು ದೊಡ್ಡವರ ಸ್ಥಳ, ನಮ್ಮಂಥವರಿಗಲ್ಲ” ಎಂಬ ಸಂಕೋಚವು ಅನೇಕರನ್ನು ಹೊರಗೇ ನಿಲ್ಲಿಸಿದೆ. ಈ ಸಂಕೋಚಕ್ಕೆ ಆಧಾರವಿಲ್ಲ.

ಸರ್ ಕಾವಸ್‌ಜೀ ಜಹಾಂಗೀರರ ಔದಾರ್ಯದಿಂದ ನಿರ್ಮಾಣವಾದ ಈ ಗ್ಯಾಲರಿಯು 1952ರ ಜನವರಿಯಲ್ಲಿ ಪ್ರಾರಂಭವಾಯಿತು. ಅದರ ಸ್ಥಾಪನೆಗಾಗಿ ಶ್ರಮಿಸಿದವರಲ್ಲಿ ನಮ್ಮ ಕೆ. ಕೆ. ಹೆಬ್ಬಾರರೂ ಒಬ್ಬರು ಎಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. 1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಹೆಬ್ಬಾರರು ನಮ್ಮೆಲ್ಲರಂತೆಯೇ ಊರು ಬಿಟ್ಟು ಈ ನಗರಕ್ಕೆ ಬಂದವರು, ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರಾದವರು. 1996ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು. ಅವರ ಕುಂಚವು ಒಲಿದದ್ದು ಹಳ್ಳಿಯ ಬಾಳಿಗೆ, ದುಡಿಯುವ ಜನರಿಗೆ, ಕುಣಿತಕ್ಕೆ, ಕೋಳಿ ಅಂಕಕ್ಕೆ. ಗದ್ದೆಯ ಬದುವಿನ ಮೇಲೆ ನಿಂತು ಕೋಳಿ ಅಂಕವನ್ನು ಕಣ್ಣಾರೆ ಕಂಡವನಿಗೆ ಅಂಥ ಚಿತ್ರವು ಅರ್ಥವಾಗದೆಂದು ಹೇಳುವವರು ಯಾರು?

ಗ್ಯಾಲರಿಗೆ ಪ್ರವೇಶಶುಲ್ಕವಿಲ್ಲ. ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ ಅದು ತೆರೆದಿರುತ್ತದೆ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿಯ ಗಲಾಟೆ ಆರಂಭವಾಗುವುದರೊಳಗೆ ಹೋಟೇಲು ನೌಕರರಿಗೆ ದೊರೆಯುವ ಬಿಡುವಿನಲ್ಲಿ, ಅಥವಾ ಕಚೇರಿ ಬಿಟ್ಟ ಗುಮಾಸ್ತರು ರೈಲು ಹಿಡಿಯುವ ಮೊದಲು, ಅರ್ಧ ತಾಸು ನೋಡಿಬರಬಹುದು. ಪ್ರದರ್ಶನಗಳು ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಾಗುತ್ತವೆ. ಅನೇಕ ವೇಳೆ ಚಿತ್ರಕಾರನೇ ತನ್ನ ಚಿತ್ರಗಳ ಬಳಿ ಕುಳಿತಿರುತ್ತಾನೆ. ಕೇಳಿದರೆ ವಿವರಿಸುತ್ತಾನೆ. ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. ಹತ್ತಿರದಲ್ಲಿಯೇ ಇರುವ ಸರ್ ಕಾವಸ್‌ಜೀ ಜಹಾಂಗೀರ್ ಸಭಾಗೃಹದಲ್ಲಿ 1996ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಿದೆ. ಅಲ್ಲಿ ಅಲ್ಪ ಶುಲ್ಕವುಂಟು, ಸೋಮವಾರ ರಜೆ.

ಚಲಚ್ಚಿತ್ರಕ್ಕೂ ಈ ನೆರೆಹೊರೆಯೇ ತೊಟ್ಟಿಲು. 1896ರ ಜುಲೈ 7ರಂದು ಇಲ್ಲಿಯ ವಾಟ್ಸನ್ ಹೋಟೇಲಿನಲ್ಲಿ ಲೂಮಿಯೇರ್ ಸೋದರರ ಆರು ಕಿರುಚಿತ್ರಗಳನ್ನು ತೋರಿಸಲಾಯಿತು. ಟಿಕೀಟಿನ ಬೆಲೆ ಒಂದು ರೂಪಾಯಿ. ಬಿಳಿಯರಿಗೇ ಮೀಸಲಾಗಿದ್ದ ಆ ಹೋಟೇಲಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಒಂದರ ವಿಷಯವೇನು ಗೊತ್ತೇ? ಕೆಲಸ ಮುಗಿಸಿ ಕಾರ್ಖಾನೆಯಿಂದ ಹೊರಬರುವ ಕಾರ್ಮಿಕರು! ದುಡಿಮೆಗಾರನಿಗೆ ಅಂದು ಪರದೆಯ ಮೇಲೆ ಸ್ಥಾನವಿತ್ತು, ಕುರ್ಚಿಯ ಮೇಲೆ ಇರಲಿಲ್ಲ. ಇಂದು ಆ ತಡೆಯಿಲ್ಲ.

ಪ್ರತಿವರ್ಷವೂ ಜನವರಿಯ ಕೊನೆ, ಫೆಬ್ರವರಿಯ ಆರಂಭದ ಹೊತ್ತಿಗೆ ಕಾಲಾ ಘೋಡಾ ಕಲೋತ್ಸವವು ಜರುಗುತ್ತದೆ. 1999ರಲ್ಲಿ ಆರಂಭವಾದ ಈ ಉತ್ಸವದಲ್ಲಿ ಚಿತ್ರಕಲೆ, ನಾಟಕ, ನೃತ್ಯಗಳೊಡನೆ ಚಲಚ್ಚಿತ್ರ ಪ್ರದರ್ಶನವೂ ಉಂಟು; ಬಹುತೇಕ ಕಾರ್ಯಕ್ರಮಗಳಿಗೆ ಟಿಕೀಟಿಲ್ಲ. 1990ರಿಂದ ಎರಡು ವರ್ಷಗಳಿಗೊಮ್ಮೆ ನಡೆದುಬಂದಿರುವ ಮುಂಬಯಿ ಅಂತಾರಾಷ್ಟ್ರೀಯ ಚಲಚ್ಚಿತ್ರೋತ್ಸವವು ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೆ ಮೀಸಲು. ಪೆಡ್ಡರ್ ರಸ್ತೆಯಲ್ಲಿ 2019ರಲ್ಲಿ ಉದ್ಘಾಟನೆಯಾದ ಭಾರತೀಯ ಸಿನೆಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಒಂದು ರಜೆಯ ದಿನ ನೋಡತಕ್ಕದ್ದು.

ಕಾಲಾ ಘೋಡಾಕ್ಕೆ ಹೆಸರು ಬಂದದ್ದು ಕಪ್ಪು ಕುದುರೆಯನ್ನೇರಿದ ಆಂಗ್ಲ ರಾಜಕುಮಾರನ ಪ್ರತಿಮೆಯಿಂದ. 1965ರಲ್ಲಿ ಅದನ್ನು ಅಲ್ಲಿಂದ ತೆಗೆದು ಭಾಯಖಳಾಕ್ಕೆ ಸಾಗಿಸಲಾಯಿತು. 2017ರಲ್ಲಿ ಹೊಸದೊಂದು ಕಪ್ಪು ಕುದುರೆಯನ್ನು ನಿಲ್ಲಿಸಿದರು. ಅದರ ಬೆನ್ನ ಮೇಲೆ ಸವಾರನಿಲ್ಲ. ರಾಜನು ಇಳಿದು ಹೋಗಿದ್ದಾನೆ. ಆದರೂ ಪ್ರಜೆಯು ಬಾಗಿಲಲ್ಲಿಯೇ ಅಳುಕುತ್ತ ನಿಲ್ಲುವುದೇ? ಬರುವ ರಜೆಯ ದಿನ ಕೋಣೆಯ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಆ ಮೆಟ್ಟಿಲನ್ನು ಏರಿರಿ. ಒಳಗೆ ನಿಮ್ಮನ್ನು “ಯಾರು?” ಎಂದು ಯಾರೂ ಕೇಳುವುದಿಲ್ಲ.